ಎಚ್ಚರಿಕೆಯ ಫಲಕಗಳ ಹಿಂದಿನ ಕಥೆ

ಪುಣೆಗೆ ಹೊಸದಾಗಿ ಬಂದ ಕನ್ನಡಿಗರಿಗೆ ಇಲ್ಲಿಯ ಹವೆ, ನೀರು, ಭಾಷೆ ಬೇಗನೆ ಒಗ್ಗುತ್ತವೆ. ಒಗ್ಗಲು ಸ್ವಲ್ಪ ಕಾಲ ಹಿಡಿಯುವುದು ಇಲ್ಲಿಯ ಪಾಟಿಗಳು. ಸದಾಶಿವ ಪೇಠ, ನಾರಾಯಣ ಪೇಠ, ಶನಿವಾರ ಪೇಠಗಳ ಹಳೆಯ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಗೋಡೆ ಬಾಗಿಲುಗಳೇ ನಮ್ಮೊಡನೆ ಮಾತಿಗಿಳಿಯುತ್ತವೆ. ಗೇಟಿನ ಮುಂದೆ ವಾಹನ ನಿಲ್ಲಿಸಬಾರದು, ನಿಲ್ಲಿಸಿದರೆ ಗಾಳಿ ಬಿಡಲಾಗುವುದು ಎಂದು ಒಂದು ಮನೆ ಹೇಳಿದರೆ, ಬೆಲ್ ಒಂದೇ ಸಲ ಒತ್ತಿರಿ, ಬಾಗಿಲ ತನಕ ಬರಲು ನಮಗೂ ಸಮಯ ಬೇಕು ಎಂದು ಇನ್ನೊಂದು ಮನೆ ಹೇಳುತ್ತದೆ. ಮೂರನೆಯದು, ಇಲ್ಲಿ ಯಾರ ವಿಳಾಸವನ್ನೂ ಕೇಳಬಾರದು ಎಂದು ಮೊದಲೇ ಕೈಮುಗಿದುಬಿಡುತ್ತದೆ. 'ಪುಣೇರಿ ಪಾಟಿ' ಎಂದು ಮಹಾರಾಷ್ಟ್ರದಾದ್ಯಂತ ಹೆಸರಾದ ಇವುಗಳನ್ನು ಊರಿಂದ ಬಂದ ನೆಂಟರಿಗೆ ಓದಿ ಹೇಳಿ ನಗಿಸುವುದು ನಮ್ಮ ಮನೆಗಳಲ್ಲೂ ಒಂದು ವಿನೋದವೇ ಆಗಿದೆ.

ಗೊತ್ತಿದ್ದದ್ದನ್ನೇ ಹೇಳುವ ಚಾಳಿ ಪುಣೆಯೊಂದರದೇ ಅಲ್ಲ. ರೈಲಿನಲ್ಲಿ ತಲೆ ಹೊರಗೆ ಹಾಕಬೇಡಿ, ಔಷಧಿಯ ಸೀಸೆಯ ಮೇಲೆ ಅಲ್ಲಾಡಿಸಿ ಕುಡಿಯಿರಿ, ಮುಲಾಮಿನ ಮೇಲೆ ಹೊರ ಉಪಯೋಗಕ್ಕೆ ಮಾತ್ರ, ವಿದ್ಯುತ್ ಕಂಬದ ಮೇಲೆ ಅಪಾಯ! ಇದನ್ನೆಲ್ಲ ಅರಿಯದ ಜಾಣರು ಯಾರಿದ್ದಾರೆ ಎಂದು ಕೇಳಬೇಕೆನಿಸುವುದು ಸಹಜ. ಆದರೆ ಇವುಗಳ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಇಂಥ ಫಲಕಗಳಲ್ಲಿ ಬಹುಪಾಲು ಯಾರೋ ಪೆಟ್ಟು ತಿಂದ ಮೇಲೆ ಬರೆದವು. ನಮಗೆ ನಗೆ ತರುವ ಮಾತನ್ನು ಯಾರೋ ಒಬ್ಬರು ಕಣ್ಣೀರಿನ ಬೆಲೆ ತೆತ್ತು ಕಲಿತಿರುತ್ತಾರೆ.

ಅಮೆರಿಕದ ಕಾಫಿ ಲೋಟದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಕಾಫಿ ಲೋಟದ ಮೇಲೆ 'ಎಚ್ಚರ, ಬಿಸಿ ಇದೆ' ಎಂದು ಅಚ್ಚು ಹಾಕುವುದು ಜಗತ್ತಿಗೆಲ್ಲ ನಗೆಪಾಟಲಾಗಿದೆ. ೧೯೯೨ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಎಂಬ ಊರಿನಲ್ಲಿ ೭೯ ವರ್ಷದ ಅಜ್ಜಿಯೊಬ್ಬರು ಮೆಕ್‌ಡೊನಾಲ್ಡ್ಸ್ ಅಂಗಡಿಯ ಕಾಫಿ ಕೊಂಡು, ನಿಂತ ಕಾರಿನಲ್ಲಿ ಕುಳಿತು ಸಕ್ಕರೆ ಬೆರೆಸಲು ಮುಚ್ಚಳ ತೆಗೆಯುವಾಗ ಕಾಫಿ ತೊಡೆಯ ಮೇಲೆ ಚೆಲ್ಲಿತು. ಚರ್ಮದ ಎಲ್ಲ ಪದರಗಳೂ ಸುಟ್ಟು, ಎಂಟು ದಿನ ಆಸ್ಪತ್ರೆಯಲ್ಲಿದ್ದು, ಬೇರೆಡೆಯ ಚರ್ಮ ತೆಗೆದು ಕಸಿ ಮಾಡಿಸಿಕೊಳ್ಳಬೇಕಾಯಿತು. ಆ ಕಾಫಿಯನ್ನು ಇಡುತ್ತಿದ್ದ ಶಾಖ ೮೨ರಿಂದ ೮೮ ಡಿಗ್ರಿ ಸೆಂಟಿಗ್ರೇಡ್. ಅಷ್ಟು ಬಿಸಿ ದ್ರವ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳದವರೆಗೆ ಬೇಯಿಸಬಲ್ಲದು. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಸುಟ್ಟುಕೊಂಡವರಿಂದ ಕಂಪನಿಗೆ ೭೦೦ಕ್ಕೂ ಹೆಚ್ಚು ದೂರುಗಳು ಬಂದಿದ್ದವೆಂಬುದು ನ್ಯಾಯಾಲಯದಲ್ಲಿ ಹೊರಬಿತ್ತು. ಲೋಟದ ಮೇಲೆ ಎಚ್ಚರಿಕೆ ಇದ್ದೇ ಇತ್ತು, ಆದರೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ. ಕಾಫಿ ಬಿಸಿ ಇರುತ್ತದೆಂದು ಎಲ್ಲರಿಗೂ ಗೊತ್ತು, ನಿಜ. ಎಷ್ಟು ಬಿಸಿ ಎಂಬುದು ಮಾತ್ರ ಅಂಗಡಿಯವರಿಗಷ್ಟೇ ಗೊತ್ತಿತ್ತು. ಲೋಟ ಬಟ್ಟಲುಗಳಲ್ಲಿ ಎತ್ತಿ ಹೊಯ್ದು, ಆರಿಸಿ ಕುಡಿಯುವ ನಮ್ಮವರ ಪದ್ಧತಿ ಎಷ್ಟು ವಿವೇಕದ್ದು ಎಂಬುದೂ ಇದರಿಂದ ಮನವರಿಕೆಯಾಗುತ್ತದೆ.

ಈಗ ನಮ್ಮ ನಾಡಿನ ಕಡೆಗೆ ತಿರುಗಿ, ಇತಿಹಾಸದಲ್ಲಿ ಬಹಳ ಹಿಂದಕ್ಕೆ ಹೋಗೋಣ. ಎಚ್ಚರಿಕೆಯ ಫಲಕ ಕನ್ನಡಿಗರಿಗೆ ಹೊಸದಲ್ಲ. ಕ್ರಿ. ಶ. ೪೫೦ರ ಸುಮಾರಿನದೆಂದು ಹೇಳುವ ಹಲ್ಮಿಡಿ ಶಾಸನದಲ್ಲೇ, ಕೊಟ್ಟ ದಾನವನ್ನು ಅಳಿಸಿದವನಿಗೆ ಮಹಾಪಾತಕ ತಟ್ಟುವುದೆಂಬ ಎಚ್ಚರಿಕೆ ಇದೆ. ಅನಂತರದ ಶಾಸನಗಳಲ್ಲಿ ಕಾಶಿಯಲ್ಲಿ ಗೋವನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ ಮೊದಲಾದವು ವಾಡಿಕೆಯ ಮಾತುಗಳಾಗಿ ಬರುತ್ತವೆ. ದಾನದ ಭೂಮಿಯನ್ನು ಕಸಿಯಬಾರದು ಎಂಬುದು ಯಾರಿಗೂ ಗೊತ್ತಿದ್ದ ಧರ್ಮವೇ. ಆದರೂ ಪ್ರತಿಯೊಂದು ಕಲ್ಲಿನಲ್ಲೂ ಅದನ್ನು ಕೆತ್ತಿಸಬೇಕಾಯಿತೆಂದರೆ, ಕಸಿಯುವವರು ಆಗಲೂ ಇದ್ದರೆಂದೇ ಅರ್ಥ. ಕೊಂಕಣ, ಮಹಾರಾಷ್ಟ್ರಗಳಲ್ಲಿ ಶಿಲಾಹಾರರ ಕಾಲದಿಂದ ಕಾಣಸಿಗುವ 'ಗಧೇಗಾಳ' ಎಂಬ ಕಲ್ಲುಗಳು ಇನ್ನೂ ಒಂದು ಹೆಜ್ಜೆ ಮುಂದೆ. ಮೇಲೆ ಸೂರ್ಯ ಚಂದ್ರರು, ನಡುವೆ ಬರಹ, ಕೆಳಗೆ ಮರ್ಯಾದಸ್ಥರು ಮುಖ ತಿರುಗಿಸಬೇಕಾದಂಥ ಕತ್ತೆಯ ಚಿತ್ರ. ಅಕ್ಷರ ಬಾರದವನಿಗೂ ಶಾಪ ಅರ್ಥವಾಗಲೆಂದು ಮಾಡಿದ ಏರ್ಪಾಡು ಅದು.

ಆಧುನಿಕ ಎಚ್ಚರಿಕೆಗಳು ಬಂದದ್ದು ಯಂತ್ರಗಳ ಜೊತೆಗೆ. ೧೮೩೦ರ ಸೆಪ್ಟೆಂಬರ್ ೧೫ರಂದು ಇಂಗ್ಲೆಂಡಿನಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುಮಾರ್ಗದ ಉದ್ಘಾಟನೆಯಾಯಿತು. ನಡುದಾರಿಯಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ಗಾಡಿ ನಿಂತಾಗ ಯಾರೂ ಕೆಳಗಿಳಿಯಬಾರದೆಂದು ಪ್ರಯಾಣಿಕರಿಗೆ ಸೂಚಿಸಲಾಗಿತ್ತು. ದೊಡ್ಡ ಮನುಷ್ಯರು ಅನೇಕರು ಇಳಿದೇಬಿಟ್ಟರು. ಪಾರ್ಲಿಮೆಂಟಿನ ಸದಸ್ಯ ವಿಲಿಯಂ ಹಸ್ಕಿಸನ್ ಡ್ಯೂಕ್ ಆಫ್ ವೆಲಿಂಗ್ಟನ್ನರನ್ನು ಮಾತನಾಡಿಸಲು ಹೋಗಿ, ಪಕ್ಕದ ಹಳಿಯ ಮೇಲೆ ಬಂದ 'ರಾಕೆಟ್' ಎಂಜಿನ್ನಿಗೆ ಸಿಕ್ಕಿ ಆ ರಾತ್ರಿಯೇ ತೀರಿಕೊಂಡರು. ಹಳಿಯ ಮೇಲೆ ಇಳಿಯಬೇಡಿ ಎಂಬ ಮಾತಿಗೆ ಅಂದಿನಿಂದ ತೂಕ ಬಂತು.

ನಮ್ಮಲ್ಲಿ ೧೮೯೦ರ ರೈಲ್ವೆ ಕಾಯಿದೆಯು, ಪ್ರತಿ ಡಬ್ಬಿಯಲ್ಲಿ ಎಷ್ಟು ಜನ ಕೂಡಬಹುದೆಂಬುದನ್ನು ಇಂಗ್ಲಿಷಿನಲ್ಲೋ ಆ ಸೀಮೆಯ ದೇಶಭಾಷೆಯಲ್ಲೋ, ಇಲ್ಲವೆ ಎರಡರಲ್ಲೂ, ಎದ್ದು ಕಾಣುವಂತೆ ಬರೆಯಬೇಕೆಂದು ವಿಧಿಸಿತು. ಲೋಂಡಾ, ಮೀರಜ ಮಾರ್ಗವಾಗಿ ಪುಣೆಗೆ ಬಂದ ನಮ್ಮ ಹಿರಿಯರಿಗೆ ಆ ಸಂಖ್ಯೆಗೂ ಒಳಗಿನ ಜನಕ್ಕೂ ಇದ್ದ ಅಂತರ ಚೆನ್ನಾಗಿ ಗೊತ್ತು. ಸಕಾರಣವಿಲ್ಲದೆ ಸರಪಳಿ ಎಳೆದವರಿಗೆ ಅದೇ ಕಾಯಿದೆಯಲ್ಲಿ ೫೦ ರೂಪಾಯಿಯವರೆಗೆ ದಂಡವಿತ್ತು. ೧೯೮೯ರ ಕಾಯಿದೆಯಲ್ಲಿ ಅದು ೧೦೦೦ ರೂಪಾಯಿಯವರೆಗೆ ದಂಡ, ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ ಎಂದಾಯಿತು.

ವಿದ್ಯುತ್ತಿನ ಕಥೆಯೂ ಹೀಗೆಯೇ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ೧೯೦೨ರಲ್ಲಿ ವಿದ್ಯುತ್ ಹರಿದಾಗ, ತಂತಿಯನ್ನು ಕಂಡರೆ ಹೆದರಬೇಕೆಂದು ಜನಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ಬೆಂಕಿ ಸುಡುವುದು ಕಣ್ಣಿಗೆ ಕಾಣುತ್ತದೆ, ಹಾವು ಬುಸುಗುಟ್ಟುತ್ತದೆ. ವಿದ್ಯುತ್ತಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳು ೨೫೦ ವೋಲ್ಟಿಗೆ ಮೀರಿದ ಸ್ಥಾವರಗಳಿಗೆಲ್ಲ, ಹಿಂದಿ ಅಥವಾ ಇಂಗ್ಲಿಷ್ ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲಿ, ತಲೆಬುರುಡೆ ಮತ್ತು ಎಲುಬುಗಳ ಚಿತ್ರವಿರುವ ಅಪಾಯದ ಫಲಕ ಹಾಕಬೇಕೆಂದು ವಿಧಿಸಿದವು. ಬೆಳಗಾವಿಯಲ್ಲಿ ಕನ್ನಡ, ಸೋಲಾಪುರದಲ್ಲಿ ಮರಾಠಿ, ಬುರುಡೆ ಮಾತ್ರ ಎರಡೂ ಕಡೆ ಒಂದೇ. ಗಧೇಗಾಳದ ಕತ್ತೆಯ ಕೆಲಸವನ್ನು ಇಲ್ಲಿ ಬುರುಡೆ ಮಾಡುತ್ತದೆ. ಮನೆಯ ೨೩೦ ವೋಲ್ಟಿನ ಪ್ಲಗ್ಗಿಗೆ ಬುರುಡೆಯ ಚಿತ್ರವಿಲ್ಲ. ಒದ್ದೆ ಕೈಗೆ ಆ ೨೩೦ ವೋಲ್ಟೇ ಸಾಕೆಂಬುದನ್ನು ಮಕ್ಕಳಿಗೆ ನಾವೇ ಹೇಳಬೇಕು.

ಇಷ್ಟಾದ ಮೇಲೆ ಪುಣೇರಿ ಪಾಟಿಗಳಿಗೆ ಮರಳಿದರೆ ಅವುಗಳ ಮೇಲಿನ ನಮ್ಮ ನೋಟ ಸ್ವಲ್ಪ ಮೃದುವಾಗುತ್ತದೆ. ೧೮೧೮ರಲ್ಲಿ ಪೇಶವೆಗಳ ಆಳ್ವಿಕೆ ಮುಗಿದ ಮೇಲೆ, ಒಂದೊಂದು ಕುಟುಂಬ ಬಾಳಿದ ದೊಡ್ಡ ವಾಡೆಗಳು ಕಾಲಕ್ರಮದಲ್ಲಿ ಹತ್ತಾರು ಬಾಡಿಗೆಯ ಸಂಸಾರಗಳ ಬಿಡಾರಗಳಾದವು. ಬೆಂಗಳೂರು ಮೈಸೂರುಗಳ ವಠಾರದಂತೆ ಒಂದೇ ಬಾಗಿಲು, ಒಂದೇ ನಳ, ಒಂದೇ ಅಂಗಳ. ೧೯೪೭ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಬಂದ ಮೇಲೆ ಬಾಡಿಗೆ ಏರಲಿಲ್ಲ, ಬಾಡಿಗೆದಾರರು ಏಳಲಿಲ್ಲ, ರಿಪೇರಿಗೆ ಹಣ ಹಾಕಲು ಮಾಲೀಕರಿಗೆ ಮನಸ್ಸಾಗಲಿಲ್ಲ. ದಿನಾ ಮುಖ ನೋಡಲೇಬೇಕಾದವರು ದಿನಾ ಜಗಳವಾಡಲು ಸಾಧ್ಯವೇ? ನಳ ತೆರೆದು ಬಿಟ್ಟು ಹೋಗಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು ಎಂದು ಗೋಡೆಯ ಮೇಲೆ ಬರೆದುಬಿಟ್ಟರೆ ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಹೇಳಿದಂತಾಗುತ್ತದೆ. ಪಾಟಿ ಎಂದರೆ ಬಾಯಿಜಗಳವನ್ನು ತಪ್ಪಿಸಲು ಕಂಡುಕೊಂಡ ಉಪಾಯವೆಂದು ನಮ್ಮ ಅಭಿಪ್ರಾಯ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್ ಎಂಬ ಪ್ರಸಿದ್ಧ ಪಾಟಿಗೂ, ಬೆಳಗಿನ ಜಾವ ಎದ್ದು ವ್ಯಾಪಾರಕ್ಕಿಳಿದವರಿಗೆ ಮಧ್ಯಾಹ್ನ ವಿಶ್ರಾಂತಿ ಬೇಡವೇ ಎಂಬ ನ್ಯಾಯವಿದೆ. ಆ ಪಾಟಿಗೆ ಹೆಸರಾಗಿದ್ದ ಚಿತಳೆ ಬಂಧು ಮಿಠಾಯಿ ಅಂಗಡಿಯವರೇ ೨೦೧೭ರಲ್ಲಿ ಆ ರೂಢಿಯನ್ನು ಕೈಬಿಟ್ಟಾಗ, ಊರಿಗೆ ಊರೇ ಅದನ್ನು ದೊಡ್ಡ ಸುದ್ದಿಯೆಂಬಂತೆ ಮಾತನಾಡಿಕೊಂಡಿತು.

ಹೀಗೆ ಸಣ್ಣಪುಟ್ಟ ಮಾತಿಗೂ ಪಾಟಿ ಹಾಕುವ ಈ ಊರಿಗೇ, ಅತ್ಯಂತ ಅಗತ್ಯವಾಗಿದ್ದ ಎಚ್ಚರಿಕೆಯೊಂದು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ೧೯೬೧ರ ಜುಲೈ ೧೨, ಬುಧವಾರ. ಅಂಬಿ ನದಿಗೆ ಆಗತಾನೆ ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಬೆಳಿಗ್ಗೆ ಒಡೆಯಿತು. ಆ ನೀರಿನ ಭಾರಕ್ಕೆ ಕೆಳಗಿನ ಖಡಕವಾಸಲಾದ ಹಳೆಯ ಕಟ್ಟೆಯೂ ಬಿರಿಯಿತು. ಮುಠಾ ನದಿ ಲಕಡಿ ಪೂಲಿನ ಮೇಲೆ ಹರಿದು ನಾರಾಯಣ ಪೇಠ, ಶನಿವಾರ ಪೇಠ, ಕಸಬಾ ಪೇಠಗಳೊಳಗೆ ನುಗ್ಗಿತು. ತಲೆಮಾರುಗಳಿಂದ ನಿಂತಿದ್ದ ವಾಡೆಗಳು, ಅವುಗಳ ಪಾಟಿಗಳ ಸಮೇತ, ಮಣ್ಣುಗೂಡಿದವು. ಕಟ್ಟೆ ಅಪಾಯದಲ್ಲಿದೆ ಎಂಬುದು ಹಿಂದಿನ ದಿನವೇ ಅಲ್ಲಿದ್ದವರಿಗೆ ಗೊತ್ತಾಗಿತ್ತು; ಸೈನಿಕರನ್ನು ಕರೆಸಿ ರಾತ್ರಿಯೆಲ್ಲ ಮರಳಿನ ಚೀಲಗಳನ್ನು ಪೇರಿಸಿದ್ದರು. ಕೆಳಗೆ ಮಲಗಿದ್ದ ಊರಿಗೆ ಮಾತ್ರ ಸ್ಪಷ್ಟವಾಗಿ ಹೇಳುವವರಿರಲಿಲ್ಲ. ನೀರು ಬರುತ್ತದೆ, ಎತ್ತರಕ್ಕೆ ಹೋಗಿ ಎಂಬ ಮಾತಿಗಿಂತ ಸರಳವಾದದ್ದು ಯಾವುದಿದೆ? ಆ ದಿನ ಅದನ್ನು ಯಾರು ಎಷ್ಟು ಸಲ ಹೇಳಿದ್ದರೂ ಅತಿಯಾಗುತ್ತಿರಲಿಲ್ಲ.

ಇದು ಮುಗಿದ ಕಥೆಯೂ ಅಲ್ಲ. ೨೦೨೪ರ ಜುಲೈ ೨೫ರ ಬೆಳಗಿನ ಜಾವ ಖಡಕವಾಸಲಾದಿಂದ ಸುಮಾರು ೩೫ ಸಾವಿರ ಕ್ಯೂಸೆಕ್ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. ಮುನ್ಸೂಚನೆ ಸಕಾಲಕ್ಕೆ ಬರಲಿಲ್ಲವೆಂದು ಅಲ್ಲಿಯ ನಿವಾಸಿಗಳು ದೂರಿದರು. ಮಹಾರಾಷ್ಟ್ರದ ನೀರಾವರಿ ಇಲಾಖೆ ನದಿಗಳ ಬದಿಗೆ ನೀಲಿ ಗೆರೆ, ಕೆಂಪು ಗೆರೆ ಎಂದು ಎರಡು ಪ್ರವಾಹರೇಖೆಗಳನ್ನು ಗುರುತಿಸುತ್ತದೆ. ನೀಲಿಯದು ೨೫ ವರ್ಷಕ್ಕೊಮ್ಮೆ ಬರುವ ಪ್ರವಾಹದ್ದು, ಕೆಂಪು ೧೦೦ ವರ್ಷಕ್ಕೊಮ್ಮೆಯದು. ಇದನ್ನು ಕೇಳಿ, ಈಚೆಗೆ ಬಂದು ಹೋಯಿತು, ಇನ್ನು ೨೫ ವರ್ಷ ನಿಶ್ಚಿಂತೆ ಎಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಗಲ್ಲ. ನೀಲಿ ಗೆರೆಯವರೆಗೆ ನೀರು ಬರುವ ಸಂಭವ ಪ್ರತಿವರ್ಷವೂ ನೂರಕ್ಕೆ ನಾಲ್ಕು. ಅಂಥ ಜಾಗದಲ್ಲಿ ಮನೆ ಕೊಂಡು ೨೫ ವರ್ಷ ಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ನೀರು ಬರುವ ಸಂಭವ ನೂರಕ್ಕೆ ಸುಮಾರು ೬೪. ಕೆಂಪು ಗೆರೆಯ ಅಂಚಿನಲ್ಲಿ ಅದೇ ಅವಧಿಗೆ ನೂರಕ್ಕೆ ಸುಮಾರು ೨೨. ಈ ಗೆರೆಗಳು ಇರುವುದು ಹೆಚ್ಚಾಗಿ ನಕಾಶೆಯಲ್ಲಿ. ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಜೀವಮಾನದ ಉಳಿತಾಯ ಸುರಿದು ಫ್ಲ್ಯಾಟು ಕೊಳ್ಳುವಾಗ ಅಡುಗೆಮನೆಯ ದಿಕ್ಕನ್ನು ವಿಚಾರಿಸುತ್ತವೆ. ನಕಾಶೆಯ ಗೆರೆಯನ್ನು ವಿಚಾರಿಸುವವರು ವಿರಳ.

ಎಚ್ಚರಿಕೆ ಇದ್ದೂ ಇಲ್ಲದಂತಾಗುವ ಇನ್ನೊಂದು ಬಗೆಯಿದೆ. ೧೯೭೫ರ ಕಾಯಿದೆಯಂತೆ ಸಿಗರೇಟು ಪ್ಯಾಕಿನ ಮೇಲೆ ಆರೋಗ್ಯದ ಎಚ್ಚರಿಕೆ ಬಂತು, ಆದರೆ ಆ ಕಾಯಿದೆ ಬೀಡಿಗೆ ಅನ್ವಯಿಸಲಿಲ್ಲ. ನಿಪ್ಪಾಣಿಯ ತಂಬಾಕಿನ ಬೀಡಿ ಸೇದುವ ಬಡವನಿಗೂ ಎಚ್ಚರಿಕೆ ಸಲ್ಲಬೇಕೆಂದು ಕಾನೂನಾದದ್ದು ೨೦೦೩ರಲ್ಲಿ. ಓದಲು ಬಾರದವನಿಗೂ ತಿಳಿಯುವಂತೆ ಚಿತ್ರ ಬಂದದ್ದು ೨೦೦೯ರ ಮೇ ೩೧ರಂದು. ಔಷಧಿಗಳ ಮಾತು ನಮಗೆ ಇನ್ನೂ ಹತ್ತಿರದ್ದು. ಹೊರ ಉಪಯೋಗಕ್ಕೆ ಮಾತ್ರ ಎಂಬ ಸೂಚನೆಯನ್ನು ೧೯೪೫ರ ಔಷಧ ನಿಯಮಗಳೇ ಕಡ್ಡಾಯ ಮಾಡಿವೆ. ಸೀಸೆಯ ಮೇಲೆ ಅದು ಸಾಮಾನ್ಯವಾಗಿ ಇರುವುದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಊರಿಂದ ಮಗನ ಮನೆಗೆ ಬಂದಿರುವ ತಾಯಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕೀಲುನೋವಿನ ಎಣ್ಣೆಯ ಸೀಸೆಯೂ ಕೆಮ್ಮಿನ ಔಷಧಿಯ ಸೀಸೆಯೂ ಆಕೆಗೆ ಒಂದೇ. ನಮಗೆ ಬೇಸರ ತರಿಸುವಷ್ಟು ಸ್ಪಷ್ಟವಾದ ಮಾತು ಆಕೆಯ ಪಾಲಿಗೆ ಬರೆದೇ ಇಲ್ಲ.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ, ಇದನ್ನು ಚಾವುಂಡರಾಯ ಮಾಡಿಸಿದನೆಂಬ ಒಂದೇ ಮಾತನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಬರುವ ಯಾತ್ರಿಕ ಯಾವ ಭಾಷೆಯವನೋ ಎಂಬ ಅಷ್ಟು ಕಾಳಜಿ ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಮೂಡಿರುವಾಗ, ನಮ್ಮ ಮನೆಯ ಔಷಧಿಯ ಪೆಟ್ಟಿಗೆಗೆ ಅದು ಅಸಾಧ್ಯವೇನಲ್ಲ. ಪ್ರತಿ ಸೀಸೆಗೂ ಕನ್ನಡದಲ್ಲಿ ದಪ್ಪಕ್ಷರದ ಒಂದು ಚೀಟಿ ಅಂಟಿಸೋಣ: ಹಚ್ಚಲು, ಕುಡಿಯಲು, ಊಟದ ಮೊದಲು, ಊಟದ ನಂತರ. ಗೀಸರಿನ ಸ್ವಿಚ್ಚಿನ ಪಕ್ಕ, ಗ್ಯಾಸಿನ ರೆಗ್ಯುಲೇಟರಿನ ಪಕ್ಕ ಇನ್ನೊಂದೊಂದು ಚೀಟಿ. ನೋಡಿದವರು ಪುಣೇರಿ ಪಾಟಿ ಎಂದು ನಕ್ಕರೆ ನಗಲಿ. ನಮ್ಮ ಸಂಘದ ತರುಣರು ಒಂದು ಭಾನುವಾರ ಮನೆಮನೆಗೆ ಹೋಗಿ ಹಿರಿಯರಿಗೆ ಈ ಚೀಟಿಗಳನ್ನು ಬರೆದುಕೊಟ್ಟರೆ ಅದಕ್ಕಿಂತ ಉಪಯುಕ್ತವಾದ ಕನ್ನಡ ಸೇವೆ ಬೇರೆ ಬೇಕಾಗಿಲ್ಲ.