ಬರಗಾಲದ ಅನಾಥರು ಮತ್ತು ಪಂಡಿತಾ ರಮಾಬಾಯಿ

ಹತ್ತೊಂಬತ್ತನೆಯ ಶತಮಾನದ ಬರಗಾಲಗಳ ಚರಿತ್ರೆಯನ್ನು ಬಹುಮಟ್ಟಿಗೆ ಸರ್ಕಾರಿ ದಾಖಲೆಗಳು ಹಾಗೂ ಮಿಷನ್ ವರದಿಗಳ ಆಧಾರದಿಂದ ರಚಿಸಲಾಗಿದೆ. ಇವೆರಡರಲ್ಲಿಯೂ ಕೇಳಿಬರುವುದು ಅನ್ನವಿಕ್ಕಿದವರ ದನಿ. ಹಸಿದವರ ದನಿ ವಿರಳ. ಹಸಿವನ್ನು ಸ್ವತಃ ಅನುಭವಿಸಿ, ಮುಂದೆ ಸಾವಿರಾರು ಹೆಣ್ಣುಮಕ್ಕಳಿಗೆ ಆಶ್ರಯ ಕಲ್ಪಿಸಿದ ಪಂಡಿತಾ ರಮಾಬಾಯಿಯವರ (1858–1922) ಬರಹಗಳು ಇದಕ್ಕೆ ಅಪವಾದ. ಅವರ ಕ್ರೈಸ್ತ ಸೇವಾಕಾರ್ಯದ ಸ್ವರೂಪವನ್ನು ಧರ್ಮಶ್ರದ್ಧೆಯಷ್ಟೇ ಬಲವಾಗಿ ಹಸಿವಿನ ನೆನಪೂ ರೂಪಿಸಿತೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ರಮಾಬಾಯಿಯವರು ಜನಿಸಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸಮೀಪದ ಮಾಳದ ಮೂಲದವರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ವಿರೋಧ ಎದುರಿಸಿದವರು. ಈ ಕುಟುಂಬವು ತೀರ್ಥಕ್ಷೇತ್ರಗಳನ್ನು ಸುತ್ತುತ್ತ ಪುರಾಣ ಪಠಣದಿಂದ ಜೀವಿಸಿತು. ಪುರಾಣಿಕನ ವೃತ್ತಿಗೆ ಆಧಾರ ದಾನ: ಕೇಳುವವನಿಗೆ ಪುಣ್ಯ, ಹೇಳುವವನಿಗೆ ಅನ್ನ. 1870ರ ದಶಕದ ಬರಗಾಲದಲ್ಲಿ ಈ ವಿನಿಮಯ ಕುಸಿದುಬಿದ್ದಿತು. ಕೂಲಿ ಮಾಡಲು ಕುಲಾಭಿಮಾನ ಅಡ್ಡಬಂದಿತು. ಕೈಕೆಲಸವನ್ನು ಯಾರೂ ಕಲಿತಿರಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆ ತಲುಪಿದ ರಮಾಬಾಯಿಯವರಿಗೆ ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು, ಅಮೆರಿಕದ ದಾನಿಗಳ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ಮತಬೋಧನೆ ನಡೆಯದೆಂಬುದು ಒಪ್ಪಂದ. ಆದರೆ ಕೆಲವು ವಿದ್ಯಾರ್ಥಿನಿಯರು ಕ್ರೈಸ್ತಧರ್ಮದತ್ತ ಒಲಿದಾಗ 1893ರಲ್ಲಿ ವಿವಾದವೆದ್ದಿತು. ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಮಂಡಳಿಯನ್ನು ತೊರೆದರು. ಪೋಷಕರು ಅನೇಕ ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು.

1896–97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಗಳಿಗೆ ತೆರಳಿದ ರಮಾಬಾಯಿಯವರು, ಸರ್ಕಾರಿ ಪರಿಹಾರ ಕೇಂದ್ರಗಳಲ್ಲಿ ಅನಾಥ ಹುಡುಗಿಯರಿಗೆ ಅನ್ನದ ಕೊರತೆಯಷ್ಟೇ ಮಾನಭಂಗದ ಭಯವೂ ಇರುವುದನ್ನು ಕಂಡು ಬರೆದರು. ಅವರು ಕರೆತಂದ ಸುಮಾರು 300 ಹುಡುಗಿಯರಿಗಾಗಿ ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನ ರೂಪುಗೊಂಡಿತು. 1900ರ ಗುಜರಾತಿನ ಬರಗಾಲದ ತರುವಾಯ ನಿವಾಸಿಗಳ ಸಂಖ್ಯೆ 2,000ಕ್ಕೆ ಸಮೀಪಿಸಿತು.

ಮುಕ್ತಿ ಸದನದ ವ್ಯವಸ್ಥೆಯಲ್ಲಿ ಗಮನಾರ್ಹವಾದುದು ದುಡಿಮೆಗೆ ದೊರೆತ ಸ್ಥಾನ. ನೇಯ್ಗೆ, ಹೈನುಗಾರಿಕೆ, ತೋಟಗಾರಿಕೆ, ಎಣ್ಣೆ ತೆಗೆಯುವುದು, ಮುದ್ರಣ—ಇವೆಲ್ಲವನ್ನೂ ಅಕ್ಷರದೊಡನೆ ಕಲಿಸಲಾಗುತ್ತಿತ್ತು. ಅಂಧರಿಗೆ ಬ್ರೈಲ್ ಶಿಕ್ಷಣವಿತ್ತು. ರಮಾಬಾಯಿಯವರು ಮೂಲಭಾಷೆಗಳಿಂದ ಮರಾಠಿಗೆ ಅನುವಾದಿಸಿದ ಬೈಬಲ್ಲಿನ ಮುದ್ರಣದಲ್ಲಿಯೂ ಈ ಮಹಿಳೆಯರ ಕೈಗಳೇ ದುಡಿದವು. ಕೈಕೆಲಸವರಿಯದೆ ಅಳಿದ ಪುರಾಣಿಕ ಕುಟುಂಬದ ಮಗಳು, ದಾನವನ್ನು ಪಡೆದವರ ಕೈಗೆ ಕಸುಬನ್ನಾಗಿ ಪರಿವರ್ತಿಸಿಕೊಟ್ಟರೆಂದು ಇದನ್ನು ಅರ್ಥೈಸಬಹುದು.

ಆದರೆ ಈ ರಕ್ಷಣೆಗೆ ಬೆಲೆಯೂ ಇದ್ದಿತು. ಶಾರದಾ ಸದನದ ಧಾರ್ಮಿಕ ತಾಟಸ್ಥ್ಯ ಮುಕ್ತಿ ಸದನದಲ್ಲಿ ಉಳಿಯಲಿಲ್ಲ. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಹಸಿದು ಬಂದ ಬಾಲಕಿಗೆ ಅನ್ನವನ್ನೂ ನಂಬಿಕೆಯನ್ನೂ ಬೇರೆಬೇರೆಯಾಗಿ ಆಯ್ದುಕೊಳ್ಳುವ ಅವಕಾಶ ಎಷ್ಟರಮಟ್ಟಿಗಿತ್ತು ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಬದಿಗಿಡುವಂತಿಲ್ಲ. ಅಂತೆಯೇ, ಅವಳನ್ನು ಅಂದು ಬೇರೆ ಯಾರು ಕರೆದೊಯ್ಯುತ್ತಿದ್ದರು ಎಂಬ ಪ್ರಶ್ನೆಯನ್ನೂ ಮರೆಯಲಾಗದು. ದೂರದೇಶದ ದಾನಿಗಳಿಗಾಗಿ ಬರೆದ ವರದಿಗಳಲ್ಲಿ ಅವಳ ಕಥೆ ಸಂಸ್ಥೆಯ ಬಾಗಿಲಿನಿಂದ ಆರಂಭವಾಗುತ್ತದೆ. ಅದಕ್ಕೂ ಹಿಂದಿನ ಊರು, ಕುಲದೈವ, ತಾಯಿಯಿಂದ ಕಲಿತ ಹಾಡು ಇವು ಜಾನಪದ ಅಧ್ಯಯನಕ್ಕೆ ಮುಖ್ಯವಾದವು. ದಾನಿಯ ಕಣ್ಣಿಗೆ ಮುಖ್ಯವಾಗಿ ತೋರಿದ್ದು ಅವಳ ಉದ್ಧಾರ ಮಾತ್ರ.

1912ರಲ್ಲಿ ಅಂದಿನ ನಿಜಾಮ್ ಸಂಸ್ಥಾನದ ಗುಲ್ಬರ್ಗದಲ್ಲಿ ರಮಾಬಾಯಿ ಹಾಗೂ ಅವರ ಮಗಳು ಮನೋರಮಾ ಶಾಲೆಯೊಂದನ್ನು ಸ್ಥಾಪಿಸಿದರು. ಗಂಗಾಮೂಲದಿಂದ ಹೊರಟ ಬದುಕು ಹೀಗೆ ಕನ್ನಡ ನೆಲವನ್ನು ಮತ್ತೆ ಮುಟ್ಟಿತು. ಬಡಮಕ್ಕಳಿಗಾಗಿ ದುಡಿದ ಜಾಗತಿಕ ಕ್ರೈಸ್ತ ಸೇವೆಯ ಚರಿತ್ರೆಯನ್ನು ಪಶ್ಚಿಮದ ದಾನಿ, ಪೂರ್ವದ ಯಾಚಕ ಎಂಬ ಎರಡೇ ಪಾತ್ರಗಳಲ್ಲಿ ಹೇಳುವುದು ರೂಢಿ. ರಮಾಬಾಯಿಯವರು ಈ ಎರಡರಲ್ಲಿ ಯಾವುದಕ್ಕೂ ಪೂರ್ಣವಾಗಿ ಸಲ್ಲುವವರಲ್ಲ. ಆದುದರಿಂದ ಬರಗಾಲದ ಚರಿತ್ರೆಯನ್ನು ಬರೆಯುವವರು ಲೆಕ್ಕಪತ್ರಗಳ ಜೊತೆಗೆ ಇಂತಹ ಆತ್ಮನಿವೇದನೆಗಳನ್ನೂ ಮೌಖಿಕ ಸ್ಮೃತಿಯನ್ನೂ ಸಮಾನ ಆಕರಗಳಾಗಿ ಪರಿಗಣಿಸುವುದು ಅವಶ್ಯವಾಗಿದೆ.