ಕುಕ್ ಟೌನಿನಿಂದ ಎಷ್ಟು ದೂರ?

ಕುಕ್ ಟೌನಿನ ನಮ್ಮ ಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ನಮ್ಮೂರಿನದು, ಇನ್ನೊಂದು ಕ್ಯಾಲಿಫೋರ್ನಿಯಕ್ಕೆ ಹೋದ ನಮ್ಮಣ್ಣನದು. ಅದನ್ನು ಹದಿಮೂರೂವರೆ ಗಂಟೆ ಹಿಂದಕ್ಕೆ ಇಟ್ಟವಳು ನಮ್ಮ ತಾಯಿ. ಬೇಸಿಗೆ ಬಂದೊಡನೆ ಅಮೆರಿಕದವರು ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆಂಬುದನ್ನು ಆಕೆ ಕಡೆಯವರೆಗೂ ಒಪ್ಪಲಿಲ್ಲ.

1989ರ ಡಿಸೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ಆಕೆ ತೀರಿಕೊಂಡಳು. ಅಣ್ಣ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ, ಮುಂಬಯಿಯಲ್ಲಿ ಒಂದು ಹಗಲು ಕಾದು, ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿದದ್ದು ಮೂರನೆಯ ದಿನದ ಸಂಜೆ. ಹಿರಿಯ ಮಗನ ಕೆಲಸವನ್ನು ಕಿರಿಯನಾದ ನಾನು ಅಷ್ಟರಲ್ಲಿ ಮಾಡಿ ಮುಗಿಸಿದ್ದೆ. "ಇನ್ನೊಂದಿಷ್ಟು ಹೊತ್ತು ಕಾಯಬಹುದಿತ್ತಲ್ಲೋ" ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಬಹುಕಾಲ ಉಳಿಯಿತು.

ನಮ್ಮ ನಾಡಿಗೆ ವಿಮಾನದ ಸಂಬಂಧ ಹೊಸದಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲಾಗಿ ಮುಂಬಯಿಗೆ ಅಂಚೆ ಹೊತ್ತು ತಂದರು. ಅಲ್ಲಿಂದ ನೆವಿಲ್ ವಿಂಟ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. ಆ ಕಾರ್ಖಾನೆಯ ನಿಲ್ದಾಣವೇ ನಮಗೂ ನಿಲ್ದಾಣವಾಗಿತ್ತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ಹಾಲಸೂರು ದಾಟಿದರೆ ಸಿಗುತ್ತಿದ್ದ ವಿಮಾನ ಸುಮಾರು ಮೂವತ್ತು ಕಿಲೋಮೀಟರಿನಾಚೆ ನಿಂತಿತು. ಲೋಕ ಹತ್ತಿರವಾಗುತ್ತ ಬಂದ ಕಾಲದಲ್ಲಿ ನಮಗೆ ನಿಲ್ದಾಣವೇ ದೂರವಾಯಿತು!

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮಾರ್ಗವಾಗಿ, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರು. ಹಿಡಿದ ಹೊತ್ತು ಹದಿನೇಳು ಗಂಟೆಗೂ ಮಿಗಿಲು.

ಅಮೆರಿಕಕ್ಕೆ ಧ್ರುವದ ಕಡೆಯಿಂದೇಕೆ ಎಂದು ಕೇಳಬಹುದು. ಗೋಡೆಯ ನಕಾಶೆ ನಮ್ಮನ್ನು ದಾರಿತಪ್ಪಿಸುತ್ತದೆ; ಗೋಲದ ಮೇಲೆ ದಾರ ಹಿಡಿದು ನೋಡಬೇಕು. ರೇಖಾಂಶದ ಲೆಕ್ಕದಲ್ಲಿ ಈ ಎರಡು ಊರುಗಳ ಅಂತರ ಸುಮಾರು 160 ಡಿಗ್ರಿ. ಎಂದರೆ, ಹೆಚ್ಚುಕಡಿಮೆ ಭೂಮಿಯ ಆಚೆಯ ಮಗ್ಗುಲು. ಬಿಗಿದ ದಾರವು ಉತ್ತರಕ್ಕೇರಿ, ಸೈಬೀರಿಯದ ಈಶಾನ್ಯದ ಮೂಲೆಯನ್ನು ಸವರಿ ಕೆಳಗಿಳಿಯುತ್ತದೆ. ಅದರ ಉದ್ದ 13,993 ಕಿಲೋಮೀಟರು. ನೇರ ಧ್ರುವದ ಮೇಲೆಯೇ ಹಾದರೂ ಹೆಚ್ಚಾಗುವುದು ಕೆಲವು ನೂರು ಕಿಲೋಮೀಟರು ಮಾತ್ರ. ಆದರೆ ವಿಮಾನಕ್ಕೆ ದಾರವೊಂದೇ ಪ್ರಮಾಣವಲ್ಲ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುತ್ತದೆ. ಅದು ಬೆನ್ನಿಗಿದ್ದರೆ ಉದ್ದದ ದಾರಿಯೂ ಬೇಗ ಮುಗಿಯುತ್ತದೆ. ಕಾಳಿದಾಸನ ಯಕ್ಷನೂ ಮೇಘಕ್ಕೆ ಉಜ್ಜಯಿನಿಯ ಸುತ್ತುದಾರಿಯನ್ನೇ ಸೂಚಿಸಿದನಲ್ಲವೆ? ಅವನ ಕಾರಣ ಬೇರೆ, ಅದಿರಲಿ.

2023ರಲ್ಲಿ ಅಣ್ಣ ಇಂಥದೇ ವಿಮಾನದಲ್ಲಿ ಬಂದ. ಎಪ್ಪತ್ತು ದಾಟಿದವನು, ಕಾಲು ಊದಿತ್ತು. ಕಾಫಿ ಕುಡಿಯುತ್ತ, ಗಡಿಯಾರವಿದ್ದ ಗೋಡೆಯನ್ನು ನೋಡುತ್ತ, "ಅಮ್ಮನಿಗೆ ಬೆಂಕಿಯಿಟ್ಟದ್ದು ಎಷ್ಟು ಗಂಟೆಗೆ?" ಎಂದ.

"ಮಧ್ಯಾಹ್ನ ನಾಲ್ಕಕ್ಕೆ."

ಬೆರಳು ಮಡಿಸಿ ಎಣಿಸಿದ. ಎರಡರಿಂದ ನಾಲ್ಕಕ್ಕೆ ಹದಿನಾಲ್ಕು ಗಂಟೆ. ಮತ್ತೊಮ್ಮೆ ಎಣಿಸಿದ.

"ಈ ವಿಮಾನ ಆಗಲೇ ಇದ್ದು, ಆ ಕ್ಷಣವೇ ಹತ್ತಿದ್ದರೂ ಬರುವುದಕ್ಕೆ ಆಗುತ್ತಿರಲಿಲ್ಲ ಕಣೋ" ಎಂದ.