ಸೂರು ಕಾಯ್ದವರ ಸ್ಮರಣೆ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಅಡಿಗಲ್ಲನ್ನು ಇಟ್ಟವರನ್ನೂ, ಅದನ್ನು ಆಶೀರ್ವದಿಸಿದ ಧರ್ಮಾಧ್ಯಕ್ಷರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅಂಥವರ ಹೆಸರುಗಳು ಕಲ್ಲಿನಲ್ಲಿ ಉಳಿಯುತ್ತವೆ. ಆದರೆ ಬಿರುಗಾಳಿಯ ಮರುದಿನ ಏಣಿ ಹಾಕಿ ಮಾಡನ್ನೇರಿದವರ ಹೆಸರನ್ನು ಯಾವ ಕಲ್ಲೂ ಹೊತ್ತಿಲ್ಲ. ಅವರ ಕೆಲಸದ ಕಥೆಯೂ ದೇವಾಲಯದ ಇತಿಹಾಸವೇ ಆಗಿದೆ ಎಂಬುದನ್ನು ಇಲ್ಲಿ ನಿವೇದಿಸಬಯಸುತ್ತೇವೆ.

1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದಾಗ ನಮ್ಮ ಸೀಮೆಯಲ್ಲಿ ವೈಟ್‌ಫೀಲ್ಡ್ ಉದಯಿಸಿತು. ಅದಕ್ಕೂ ಮುನ್ನ, 1865ರಲ್ಲಿ, ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದರು. ಒಂದರ ಅಂಚು ಮತ್ತೊಂದರ ಗಾಡಿಯಲ್ಲಿ ಕೂರುವ ಆ ಕೆಂಪು ಹೆಂಚು ಕ್ರಮೇಣ ಹುಲ್ಲಿನ ಮತ್ತು ನಾಡಹೆಂಚಿನ ಮಾಡುಗಳ ಸ್ಥಾನವನ್ನು ಪಡೆದು, ನಾಡಿನ ಅನೇಕ ಮನೆ, ಶಾಲೆ, ದೇವಾಲಯಗಳಿಗೆ ಹೊದಿಕೆಯಾಯಿತು.

ಹೆಂಚಿನ ಮಾಡಿಗೆ ಮಳೆಗಿಂತಲೂ ಗಾಳಿಯೇ ದೊಡ್ಡ ಶತ್ರು. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯೊಡನೆ ಬೀಸುವ ಗಾಳಿಯು ಸೂರಂಚಿನ ಅಡಿಯಿಂದ ನುಗ್ಗಿ ಹೆಂಚನ್ನು ರೀಪಿನಿಂದ ಎಬ್ಬಿಸುತ್ತದೆ. ಮುರಿದು ಬೀಳುವ ಕೊಂಬೆ ಅದನ್ನು ಸೀಳುತ್ತದೆ. ಒಳಬಂದ ನೀರು ತೊಲೆಯ ಮೈ ಹಿಡಿದು ಹರಿದು ಬೇರೆಲ್ಲಿಯೋ ತೊಟ್ಟಿಕ್ಕುವುದರಿಂದ, ಹನಿ ಬಿದ್ದ ಜಾಗದ ನೇರ ಮೇಲೆಯೇ ಒಡಕನ್ನು ಹುಡುಕುವವನು ಬರಿಗೈಯಲ್ಲಿ ಇಳಿಯಬೇಕಾಗುತ್ತದೆ. ಅನುಭವಸ್ಥರು ಮೊದಲು ಬಾಗಿಲು ಕಿಟಕಿಗಳನ್ನು ಮುಚ್ಚಿ, ಒಳಗೆ ನಿಂತು, ಬೆಳಕು ಇಣುಕುವ ಸಂದುಗಳನ್ನು ಗುರುತಿಸುತ್ತಾರೆ. ಹೆಂಚು ಒಣಗಿದ ಬಳಿಕವೇ ಹಲಗೆ ಹಾಸಿ ಮೇಲೇರುತ್ತಾರೆ. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಿದವರಿಗೆ ಮಳೆಗಾಲದ ಭಯ ಕಡಿಮೆ.

ಕಾಂಕ್ರೀಟಿನ ಛಾವಣಿ ಬಂದ ಮೇಲೆ ಈ ಚಿಂತೆ ತೀರಿತೆಂದು ಭಾವಿಸಿದವರುಂಟು. ಆದರೆ ಎಲೆ ಕಟ್ಟಿಕೊಂಡ ಒಂದು ನೀರುಕೊಳವೆ ಸಾಕು. ನಿಂತ ನೀರು ಕೂದಲೆಳೆಯಷ್ಟು ಬಿರುಕಿನಲ್ಲಿ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಗಾರೆ ಉದುರುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು, 1891ರ ಜೂನ್ 16ರ 101.6 ಮಿಲಿಮೀಟರಿನ ದಾಖಲೆಯನ್ನು ಮುರಿಯಿತು. ಅಂದು ಭಾನುವಾರ, ಕ್ರಿಸ್ತರ ಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವ.

ಸೂರನ್ನು ಕಾಯುವ ಹೊಣೆ ಯಾರದು? ಅರಸರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಯೋವಾಷ ಅರಸನ ಆಳ್ವಿಕೆಯ 23ನೆಯ ವರ್ಷವಾದರೂ ದೇವಾಲಯದ ದುರಸ್ತಿ ನಡೆದಿರಲಿಲ್ಲ. ಆಗ ಯಾಜಕನು ಮುಚ್ಚಳದಲ್ಲಿ ರಂಧ್ರವಿದ್ದ ಪೆಟ್ಟಿಗೆಯೊಂದನ್ನು ಬಲಿಪೀಠದ ಬಳಿ ಇರಿಸಿದನು. ಜನರು ಹಾಕಿದ ಹಣ ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಂದಿತು. ಹಣ ಹಂಚಿದವರು ಪ್ರಾಮಾಣಿಕರಾಗಿದ್ದುದರಿಂದ ಅವರನ್ನು ಲೆಕ್ಕ ಕೇಳುವ ಅಗತ್ಯವೇ ಬೀಳಲಿಲ್ಲ.

ಜನರಿಲ್ಲದ ದೇವಾಲಯದ ಗತಿಯನ್ನು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಕಾಣಬಹುದು. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಅಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯವು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಭಕ್ತಾದಿಗಳು ಊರು ಬಿಟ್ಟು ಹೋದರು, ಮಾಡು ಹೋಯಿತು. ನೀರಿಳಿದಾಗ ಗೋಡೆಗಳು ಮಾತ್ರ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತವೆ. ಅಲ್ಲಿ ಸೂರು ಕಾಯುವುದಕ್ಕೆ ಯಾರೂ ಉಳಿಯಲಿಲ್ಲ.

ನಮ್ಮಲ್ಲಿ ಇದಕ್ಕೆ ವಿರುದ್ಧವಾದುದು ಘಟಿಸಿದೆ. ಪೀಣ್ಯದ ಕಾರ್ಖಾನೆಗಳು, 1978ರಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡಿನ ತಂತ್ರಜ್ಞಾನ ಸಂಸ್ಥೆಗಳು ಹಲವು ಊರುಗಳ, ಹಲವು ಭಾಷೆಗಳ ಕುಟುಂಬಗಳನ್ನು ಕರೆತಂದಿವೆ. ಹಳಬರಿಗೆ ಮಾಡಿನ ಗುಟ್ಟು ಗೊತ್ತು. ಹೊಸಬರಿಗೆ ಮೇಲೇರುವ ತ್ರಾಣವಿದೆ. ಇವರಿಬ್ಬರೂ ಒಂದೇ ಏಣಿಯನ್ನು ಹಿಡಿಯದಿದ್ದರೆ, ಜನ ತುಂಬಿದ ದೇವಾಲಯವೂ ಸೋರುತ್ತದೆ. ಮುಂದಿನ ಮಳೆಗೆ ಮುನ್ನ ನಮ್ಮೆಲ್ಲರ ಕೈಗಳೂ ಆ ಏಣಿಯನ್ನು ಹಿಡಿಯುವಂತೆ ಕರುಣಾಮಯ ದೇವರು ಅನುಗ್ರಹಿಸಲಿ.